ಬ್ಲಾಕ್‌ಚೈನ್ ಮತದಾನದಲ್ಲಿ ಗುಟ್ಟು ಕಾಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗದಗ ಹತ್ತಿರದ ಹಳ್ಳಿಯವನು. ಈಗ ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ. ಭಾನುವಾರ ಬಿಡುವಿದ್ದಾಗ ವಿದ್ಯಾನಗರದ ಒಂದು ಕೋಣೆಯಲ್ಲಿ ಈ ವಿಷಯ ಹೇಳಿಕೊಡುತ್ತೇನೆ. ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಬರುತ್ತಾರೆ, ಪತ್ತಿನ ಸಂಘಗಳ ಸದಸ್ಯರು ಬರುತ್ತಾರೆ, ನಿವೃತ್ತ ಮಾಸ್ತರರೂ ಬರುತ್ತಾರೆ. ಅವರು ಮತ್ತೆ ಮತ್ತೆ ಕೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿದ್ದೇನೆ. ಜಾಸ್ತಿ ಗಣಿತ ಬೇಕಿಲ್ಲ. ಕೂಡಿಸುವುದು, ಕಳೆಯುವುದು ಬಂದರೆ ಸಾಕು.

ಬ್ಲಾಕ್‌ಚೈನ್ ಅಂದರೆ ಒಂದೇ ಮಾತಿನಲ್ಲಿ ಏನು?

ಎಲ್ಲರ ಹತ್ತಿರವೂ ಒಂದೊಂದು ನಕಲು ಇರುವ ಲೆಕ್ಕದ ಪುಸ್ತಕ. ಹೊಸ ಸಾಲು ಸೇರಿಸಬಹುದು, ಹಳೆಯದನ್ನು ಅಳಿಸಲು ಬರುವುದಿಲ್ಲ. ಒಬ್ಬ ತನ್ನ ನಕಲನ್ನು ತಿದ್ದಿದರೆ ಉಳಿದವರ ನಕಲಿಗೆ ಅದು ಹೊಂದುವುದಿಲ್ಲ, ಸಿಕ್ಕಿಬೀಳುತ್ತಾನೆ. 2009ರಲ್ಲಿ ಶುರುವಾದ ಬಿಟ್‌ಕಾಯಿನ್ ಇದನ್ನು ಹಣಕ್ಕೆ ಬಳಸಿತು. 2015ರಲ್ಲಿ ಬಂದ ಎಥೀರಿಯಂ ಇದರ ಮೇಲೆ ಪ್ರೋಗ್ರಾಂ ಓಡಿಸುವ ದಾರಿ ತೆರೆಯಿತು. ಆ ಪ್ರೋಗ್ರಾಂಗಳಿಗೆ ಸ್ಮಾರ್ಟ್ ಕಾಂಟ್ರಾಕ್ಟ್ ಎನ್ನುತ್ತಾರೆ. ಮತ ಎಣಿಸುವುದೂ ಅಂಥ ಒಂದು ಪ್ರೋಗ್ರಾಂ ಆಗಬಹುದು.

ಅಳಿಸಲು ಆಗುವುದಿಲ್ಲ, ಎಲ್ಲರಿಗೂ ಕಾಣುತ್ತದೆ. ಹಾಗಾದರೆ ಮೋಸಕ್ಕೆ ಜಾಗವೇ ಇಲ್ಲವಲ್ಲ?

ಎಣಿಕೆಯ ಮೋಸಕ್ಕೆ ಜಾಗ ಕಡಿಮೆ, ನಿಜ. ಆದರೆ ಮೋಸ ಆಗುವುದು ಎಣಿಸುವ ಮೇಜಿನ ಮೇಲೆ ಮಾತ್ರ ಅಲ್ಲ. ಅದಕ್ಕಿಂತ ಮೊದಲೇ ಮನೆಯಲ್ಲಿ, ಹೊಲದಲ್ಲಿ, ಸಾಲ ಕೊಟ್ಟವರ ಕಟ್ಟೆಯ ಮೇಲೆ ಆಗಿಹೋಗಿರುತ್ತದೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮೂರಿನ ಒಂದು ಸಭೆಯಲ್ಲಿ ಠರಾವು ಬಂತು. ಕೈ ಎತ್ತಿ ಒಪ್ಪಿಗೆ ಕೊಡಿ ಎಂದರು. ಅಪ್ಪ ಎತ್ತಲಿಲ್ಲ. ಎತ್ತದವರು ನಾಲ್ಕೇ ಜನ. ಯಾರೂ ಬೈಯಲಿಲ್ಲ, ಏನೂ ಹೇಳಲಿಲ್ಲ. ಆದರೆ ಆ ಮುಂಗಾರಿನಲ್ಲಿ ಅಪ್ಪನ ಬೆಳೆಸಾಲದ ಅರ್ಜಿ ಮುಂದೆ ಹೋಗಲಿಲ್ಲ. ಒಂದು ಸಲ ಉತಾರ ಸರಿ ಇಲ್ಲ ಎಂದರು. ಇನ್ನೊಂದು ಸಲ ಸಾಹೇಬರಿಲ್ಲ ಎಂದರು. ಹೆಸರುಕಾಳು ಬಿತ್ತುವ ಹೊತ್ತು ಮುಗಿಯುತ್ತ ಬಂತು. ಕೊನೆಗೆ ಅವ್ವನ ಬೋರಮಾಳ ಸರ ಒತ್ತೆ ಇಟ್ಟು ಬೀಜ ತಂದೆವು. ಮುಂದಿನ ವರ್ಷ ಅಪ್ಪ ಎಲ್ಲ ಠರಾವಿಗೂ ಕೈ ಎತ್ತಿದರು.

ಆ ಸಭೆಯಲ್ಲಿ ಎಣಿಕೆ ಸರಿಯಾಗಿಯೇ ಇತ್ತು. ಎಲ್ಲರ ಕಣ್ಣೆದುರೇ ಆಯಿತು. ಆದರೂ ನ್ಯಾಯ ಇರಲಿಲ್ಲ. ಮರೆ ಇಲ್ಲದ ಬ್ಲಾಕ್‌ಚೈನ್ ಮತದಾನವೂ ಹೀಗೇ ಕೈ ಎತ್ತುವ ಸಭೆ. ವ್ಯತ್ಯಾಸ ಒಂದೇ. ಸಭೆಯಲ್ಲಿ ಎತ್ತಿದ ಕೈ ಒಂದು ನಿಮಿಷಕ್ಕೆ ಇಳಿಯುತ್ತದೆ. ಬ್ಲಾಕ್‌ಚೈನ್‌ನಲ್ಲಿ ಎತ್ತಿದ ಕೈ ಯಾವತ್ತೂ ಇಳಿಯುವುದಿಲ್ಲ.

ಅಲ್ಲಿ ಹೆಸರು ಇರುವುದಿಲ್ಲ, ಬರೀ ಉದ್ದದ ನಂಬರ್ ಇರುತ್ತದೆ ಅಲ್ವಾ?

ಇರುತ್ತದೆ. ಆದರೆ ಬೈಕಿನ ನಂಬರ್ ಪ್ಲೇಟ್ ಮೇಲೆಯೂ ಹೆಸರು ಇರುವುದಿಲ್ಲ. ಓಣಿಯವರಿಗೆಲ್ಲ ಅದು ಯಾರ ಗಾಡಿ ಎಂದು ಗೊತ್ತೇ ಇರುತ್ತದೆ. ಆ ಉದ್ದದ ನಂಬರಿಗೆ ವಿಳಾಸ ಎನ್ನುತ್ತಾರೆ. ಆ ವಿಳಾಸದಿಂದ ನೀವು ಒಬ್ಬರಿಗೆ ಒಂದು ಸಲ ದುಡ್ಡು ಕಳಿಸಿದರೂ ಸಾಕು, ಅದು ನಿಮ್ಮದು ಎಂದು ಅವರಿಗೆ ತಿಳಿಯುತ್ತದೆ. ಆಮೇಲೆ ಹಿಂದಿನ ಮತಗಳು, ಮುಂದಿನ ಮತಗಳು ಎಲ್ಲವೂ ಒಟ್ಟಿಗೆ ಬಯಲಾಗುತ್ತವೆ. ನೂರಿನ್ನೂರು ಸದಸ್ಯರ ಸಂಘದಲ್ಲಿ ಇದಕ್ಕೆ ಒಂದು ವಾರವೂ ಬೇಕಿಲ್ಲ.

ಮತ ಖರೀದಿಗೂ ಇದಕ್ಕೂ ಏನು ಸಂಬಂಧ?

ತುಂಬಾ ಹತ್ತಿರದ ಸಂಬಂಧ. ನಮ್ಮ ಕಡೆ ಚುನಾವಣೆಯ ಹಿಂದಿನ ರಾತ್ರಿ ದುಡ್ಡು ಹಂಚುವಾಗ ಭಂಡಾರ ಮುಟ್ಟಿಸಿ ಆಣೆ ಮಾಡಿಸುವುದನ್ನು ಕೇಳಿರುತ್ತೀರಿ. ದುಡ್ಡು ಕೊಟ್ಟವನಿಗೆ ಆಣೆ ಯಾಕೆ ಬೇಕು? ಅವನ ಕೈಯಲ್ಲಿ ಪುರಾವೆ ಇಲ್ಲ. ನೀವು ರಟ್ಟಿನ ಮರೆಯ ಹಿಂದೆ ಹೋಗಿ ಯಾವ ಬಟನ್ ಒತ್ತಿದಿರಿ ಎಂದು ಅವನಿಗೆ ಯಾವತ್ತೂ ತಿಳಿಯುವುದಿಲ್ಲ. ಅದಕ್ಕೇ ದೇವರನ್ನು ನಡುವೆ ತರುತ್ತಾನೆ. ಆ ರಟ್ಟಿನ ಮರೆ ಎಷ್ಟು ದೊಡ್ಡ ಕೆಲಸ ಮಾಡುತ್ತಿದೆ ನೋಡಿ.

ಈಗ ಬಯಲು ಬ್ಲಾಕ್‌ಚೈನ್‌ನಲ್ಲಿ ಮತ ಹಾಕಿದಿರಿ ಅಂದುಕೊಳ್ಳಿ. ಅಲ್ಲಿ ಆಣೆ ಬೇಕಾಗಿಯೇ ಇಲ್ಲ. ಇಂಥ ವಿಳಾಸದಿಂದ ಇಂಥವರಿಗೆ ಮತ ಬಿದ್ದರೆ ಇಷ್ಟು ದುಡ್ಡು ತಾನಾಗಿ ಹೋಗಲಿ ಎಂದು ಒಂದು ಸ್ಮಾರ್ಟ್ ಕಾಂಟ್ರಾಕ್ಟ್ ಬರೆದಿಟ್ಟರೆ ಮುಗಿಯಿತು. ಕೊಡುವವನು, ತೆಗೆದುಕೊಳ್ಳುವವನು ಪರಸ್ಪರ ಮುಖವನ್ನೂ ನೋಡಬೇಕಿಲ್ಲ. 2018ರಲ್ಲಿ ಫಿಲಿಪ್ ಡಯಾನ್, ಟೈಲರ್ ಕೆಲ್, ಇಯಾನ್ ಮೈಯರ್ಸ್, ಅರಿ ಜ್ಯೂಲ್ಸ್ ಎಂಬ ನಾಲ್ವರು ಇದನ್ನು ವಿವರವಾಗಿ ಬರೆದು ಎಚ್ಚರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಡಾರ್ಕ್ ಡಾವೋ. ಡಾವೋ ಅಂದರೆ ಬ್ಲಾಕ್‌ಚೈನ್ ಮೇಲೆ ನಡೆಯುವ ಸಂಘ.

ನಾನು ಎಲ್ಲರಿಗೂ ಮೊದಲು ಹೇಳುವ ಮಾತು ಇದು: ತೋರಿಸಲು ಬರುವ ಮತ ಮಾರಲೂ ಬರುತ್ತದೆ, ಹೆದರಿಸಿ ಕಿತ್ತುಕೊಳ್ಳಲೂ ಬರುತ್ತದೆ. ಈ ಪುಟದ ಉಳಿದ ಪ್ರಶ್ನೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಮತದಾನ ನಡೆಯುವಾಗಲೇ ಎಣಿಕೆ ಕಂಡರೆ ತಪ್ಪೇನು? ಪಾರದರ್ಶಕ ಅಲ್ವಾ?

ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿ. ವ್ಯಾಪಾರಿಗಳು ಮೆಣಸಿನಕಾಯಿ ರಾಶಿ ಮುಟ್ಟಿ, ಮುರಿದು, ಮೂಸಿ ನೋಡುತ್ತಾರೆ. ಆಮೇಲೆ ಟೆಂಡರ್‌ಗೆ ದರ ಹಾಕುತ್ತಾರೆ. ತೆರೆಯುವ ಹೊತ್ತಿನವರೆಗೆ ಒಬ್ಬರ ದರ ಇನ್ನೊಬ್ಬರಿಗೆ ಕಾಣಬಾರದು. ಕಂಡರೆ ಕೊನೆಯವನು ಒಂದೇ ರೂಪಾಯಿ ಮೇಲೆ ಇಟ್ಟು ಮಾಲು ಒಯ್ಯುತ್ತಾನೆ, ರೈತನಿಗೆ ಸಿಗಬೇಕಾದ್ದು ಸಿಗುವುದಿಲ್ಲ. ದನದ ಸಂತೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದಕ್ಕೂ ಇದೇ ಕಾರಣ.

ಮತದಾನದಲ್ಲೂ ಹಾಗೇ. ಬೆಳಗ್ಗೆ ಹತ್ತಕ್ಕೇ ಒಬ್ಬರು ಮುಂದಿದ್ದಾರೆ ಎಂದು ಕಂಡರೆ ಕೆಲವರು ಗೆಲ್ಲುವ ಕುದುರೆ ಹಿಂದೆ ಓಡುತ್ತಾರೆ. ಕೆಲವರು ಇನ್ನೇಕೆ ಎಂದು ಮನೆಯಲ್ಲೇ ಉಳಿಯುತ್ತಾರೆ. ದುಡ್ಡಿದ್ದವರು ಎಷ್ಟು ಮತ ಕಡಿಮೆ ಬಿದ್ದಿದೆ ನೋಡಿಕೊಂಡು ಕೊನೆಯ ಗಂಟೆಯಲ್ಲಿ ಅಷ್ಟನ್ನೇ ಖರೀದಿಸುತ್ತಾರೆ. ನಮ್ಮ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ಬೇಡ ಎನ್ನುವುದು ಇದಕ್ಕಾಗಿಯೇ.

ಇದಕ್ಕೆ ಹಳೆಯ ಪರಿಹಾರ ಒಂದಿದೆ. ಮೊದಲು ಮುಚ್ಚಿದ ಲಕೋಟೆ ಹಾಕುವುದು, ಅವಧಿ ಮುಗಿದ ಮೇಲೆ ಎಲ್ಲರೂ ಬಂದು ತಮ್ಮ ತಮ್ಮ ಲಕೋಟೆ ತೆರೆಯುವುದು. ಇದಕ್ಕೆ ಕಮಿಟ್-ರಿವೀಲ್ ಎನ್ನುತ್ತಾರೆ. ಸೋಲುತ್ತೇನೆ ಎಂದು ಕಂಡವರು ತೆರೆಯಲು ಬರುವುದೇ ಇಲ್ಲ, ಅದೇ ಇದರ ತೊಂದರೆ. ಷಟರ್ ಎಂಬ ವ್ಯವಸ್ಥೆ ಇನ್ನೊಂದು ದಾರಿ ಹಿಡಿಯಿತು. ಸ್ನಾಪ್‌ಶಾಟ್ ಎಂಬ ಮತದಾನ ವೇದಿಕೆಯಲ್ಲಿ 2022ರಿಂದ ಅದನ್ನು ಬಳಸುತ್ತಿದ್ದಾರೆ. ಅಲ್ಲಿ ಲಕೋಟೆ ತೆರೆಯುವ ಚಾವಿ, ಅಂದರೆ ಒಂದು ಉದ್ದದ ಗುಟ್ಟು ಸಂಖ್ಯೆ, ಹಲವರ ಕೈಯಲ್ಲಿ ಹಂಚಿಹೋಗಿರುತ್ತದೆ, ಅವಧಿ ಮುಗಿದಾಗ ಅವರು ಸೇರಿ ಎಲ್ಲ ಲಕೋಟೆಗಳನ್ನೂ ಒಟ್ಟಿಗೆ ತೆರೆಯುತ್ತಾರೆ. ಬ್ಯಾಡಗಿಯ ಟೆಂಡರ್‌ಗೆ ಇದು ಸರಿಹೋಗುತ್ತದೆ. ಆದರೆ ಲಕೋಟೆ ತೆರೆದ ಮೇಲೆ ಯಾರ ಮತ ಯಾರಿಗೆ ಎಂದು ಕಾಣುವುದಾದರೆ ನಮ್ಮ ಅಪ್ಪನಂಥವರಿಗೆ ಅದು ಸಾಲದು.

ಹಾಗಾದರೆ ಲಕೋಟೆ ತೆರೆಯದೆಯೇ ಎಣಿಸಬಹುದೇ?

ಎಣಿಸಬಹುದು. ಇದು ನನಗೆ ತುಂಬಾ ಇಷ್ಟದ ಭಾಗ. ಪೆನ್ಸಿಲ್ ಹಿಡಿದು ಜೊತೆಗೆ ಮಾಡಿ ನೋಡಿ.

ಮೂವರು ಮತ ಹಾಕಬೇಕು. ಹೌದು ಅಂದರೆ 1, ಬೇಡ ಅಂದರೆ 0. ಎಣಿಸುವವರೂ ಮೂವರು. ಒಬ್ಬರು ಈ ಪ್ಯಾನೆಲ್‌ನವರು, ಒಬ್ಬರು ಆ ಪ್ಯಾನೆಲ್‌ನವರು, ಒಬ್ಬರು ಊರಿನ ಮಾಸ್ತರರು. ಪ್ರತಿಯೊಬ್ಬ ಮತದಾರ ತನ್ನ ಸಂಖ್ಯೆಯನ್ನು ಮನಸ್ಸಿಗೆ ಬಂದಂತೆ ಮೂರು ತುಂಡು ಮಾಡಿ ಮೂವರಿಗೂ ಒಂದೊಂದು ತುಂಡು ಕೊಡಬೇಕು. ಮೂರೂ ಕೂಡಿದರೆ ಮತ ಬರಬೇಕು, ಅಷ್ಟೇ ನಿಯಮ.

ಮೊದಲನೆಯವರ ಮತ 1. ಅವರ ತುಂಡುಗಳು 47, 31, −77. ಎರಡನೆಯವರ ಮತ 0. ತುಂಡುಗಳು 12, −50, 38. ಮೂರನೆಯವರ ಮತ 1. ತುಂಡುಗಳು −20, 9, 12.

ಈಗ ಮೊದಲನೇ ಎಣಿಕೆದಾರರ ಕೈಯಲ್ಲಿ 47, 12, −20 ಇವೆ. ಕೂಡಿದರೆ 39. ಎರಡನೆಯವರಿಗೆ 31, −50, 9. ಕೂಡಿದರೆ −10. ಮೂರನೆಯವರಿಗೆ −77, 38, 12. ಕೂಡಿದರೆ −27. ಈ ಮೂರು ಮೊತ್ತಗಳನ್ನು ಮಾತ್ರ ಹಲಗೆಯ ಮೇಲೆ ಬರೆಯಿರಿ. 39ರಲ್ಲಿ 10 ಕಳೆಯಿರಿ, 27 ಕಳೆಯಿರಿ. ಉಳಿದದ್ದು 2. ಹೌದು ಎಂದವರು ಇಬ್ಬರು. ಯಾರಿಬ್ಬರು ಎಂದು ಎಣಿಸಿದ ಮೂವರಲ್ಲಿ ಯಾರಿಗೂ ಗೊತ್ತಿಲ್ಲ. 47 ಎಂಬ ತುಂಡನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದರ ಹಿಂದೆ 1 ಇದೆಯೋ 0 ಇದೆಯೋ ತಿಳಿಯುವುದಿಲ್ಲ. ಮೂವರು ಎಣಿಕೆದಾರರೂ ಒಂದಾಗಿ ಸಂಚು ಮಾಡಿದರೆ ಮಾತ್ರ ಬಯಲಾಗುತ್ತದೆ. ಅದಕ್ಕೇ ಒಬ್ಬರಿಗೊಬ್ಬರು ಆಗದವರನ್ನು ಕೂರಿಸುವುದು.

ದೊಡ್ಡ ವ್ಯವಸ್ಥೆಗಳಲ್ಲಿ ಇದೇ ಕೆಲಸವನ್ನು ಹೋಮೋಮಾರ್ಫಿಕ್ ಎನ್‌ಕ್ರಿಪ್ಶನ್ ಮಾಡುತ್ತದೆ. ಬೀಗ ಹಾಕಿದ ಸಂಖ್ಯೆಗಳನ್ನು ಬೀಗ ಹಾಕಿದಂತೆಯೇ ಕೂಡಿಸಿ, ಕೊನೆಯ ಮೊತ್ತದ ಬೀಗವನ್ನು ಮಾತ್ರ ತೆರೆಯುವ ವಿದ್ಯೆ ಅದು. 1985ರಲ್ಲಿ ತಾಹಿರ್ ಎಲ್‌ಗಮಾಲ್ ತಂದ ಪದ್ಧತಿ, 1999ರಲ್ಲಿ ಪ್ಯಾಸ್ಕಲ್ ಪೈಯೇ ತಂದ ಪದ್ಧತಿ ಇದಕ್ಕೆ ಹೆಚ್ಚು ಬಳಕೆಯಲ್ಲಿವೆ.

ಒಬ್ಬ 1ರ ಬದಲು 7 ಎಂದು ಹಂಚಿ ಕೊಟ್ಟರೆ?

ನಮ್ಮ ಕೋಣೆಯಲ್ಲಿ ಹೀಗೇ ಆಯಿತು. 17 ಜನ ಕೂತಿದ್ದೆವು, ಎಣಿಸಿದರೆ 23 ಮತ ಬಂತು. ತುಂಡುಗಳು ಗುಟ್ಟಾಗಿರುವುದರಿಂದ ಯಾರು ಜಾಸ್ತಿ ಹಾಕಿದರು ಎಂದು ಹಿಡಿಯಲೂ ಆಗಲಿಲ್ಲ. ಗುಟ್ಟನ್ನು ಮಾತ್ರ ಕಾಯ್ದರೆ ಆಗುವ ಅನಾಹುತ ಇದು.

ಇಲ್ಲಿಗೆ ಝೀರೋ ನಾಲೆಜ್ ಪ್ರೂಫ್ ಬರುತ್ತದೆ. ಒಳಗೆ ಏನಿದೆ ಎಂದು ಹೇಳದೆ, ಒಳಗಿರುವುದು ಸರಿಯಾದದ್ದೇ ಎಂದು ಸಾಬೀತು ಮಾಡುವುದು. 1985ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ, ಚಾರ್ಲ್ಸ್ ರಾಕಾಫ್ ಇದನ್ನು ಮುಂದಿಟ್ಟರು. ಮೊದಲ ಸಲ ಕೇಳಿದಾಗ ಆಗದ ಮಾತು ಅನ್ನಿಸುತ್ತದೆ. ಧಾರವಾಡ ಪೇಡೆಯಿಂದ ಹೇಳುತ್ತೇನೆ.

ಎರಡು ಬೇರೆ ಬೇರೆ ಅಂಗಡಿಯ ಪೇಡೆ ತಂದಿದ್ದೀರಿ. ನಿಮಗೆ ಎರಡೂ ಒಂದೇ ರುಚಿ. ನನಗೆ ವ್ಯತ್ಯಾಸ ಗೊತ್ತಾಗುತ್ತದೆ ಎನ್ನುತ್ತೇನೆ, ನೀವು ನಂಬುವುದಿಲ್ಲ. ನನ್ನ ಕಣ್ಣು ಕಟ್ಟಿ. ಒಂದು ಚೂರು ಕೊಡಿ. ಆಮೇಲೆ ನಿಮ್ಮ ಇಷ್ಟದಂತೆ ಅದೇ ಪೇಡೆಯ ಚೂರನ್ನಾದರೂ ಕೊಡಿ, ಇನ್ನೊಂದರದನ್ನಾದರೂ ಕೊಡಿ. ಬದಲಿಸಿದಿರೋ ಇಲ್ಲವೋ ಅಷ್ಟನ್ನು ಮಾತ್ರ ಹೇಳುತ್ತೇನೆ. ಸುಮ್ನೆ ಊಹೆ ಮಾಡಿದರೂ ಒಂದು ಸಲ ಸರಿ ಬರಬಹುದು. ಸತತ 20 ಸಲ ಸರಿ ಬರುವ ಸಾಧ್ಯತೆ 10,48,576ರಲ್ಲಿ ಒಂದು. ಕೊನೆಗೆ ನೀವು ನಂಬಲೇಬೇಕು. ಆದರೆ ಯಾವುದು ಯಾವ ಅಂಗಡಿಯದು ಎಂದು ನಾನು ಒಂದು ಸಲವೂ ಹೇಳಲಿಲ್ಲ, ನೋಡಿ. ಮತದಾನದಲ್ಲಿ ನನ್ನ ಫೋನ್ ಇದೇ ರೀತಿ, ಈ ಬೀಗದೊಳಗೆ ಇರುವುದು 0 ಅಥವಾ 1, ಬೇರೇನೂ ಅಲ್ಲ ಎಂದು ಸಾಬೀತು ಮಾಡುತ್ತದೆ. 7 ಹಾಕಿದವನಿಗೆ ಆ ಸಾಬೀತು ಬರೆಯಲು ಆಗುವುದೇ ಇಲ್ಲ.

ನಾನು ಸದಸ್ಯ ಎಂದು ತೋರಿಸಬೇಕು. ಯಾವ ಸದಸ್ಯ ಎಂದು ತೋರಿಸಬಾರದು. ಆಗುತ್ತದೆಯೇ?

ಆಗುತ್ತದೆ, ಅದೇ ಝೀರೋ ನಾಲೆಜ್ ವಿದ್ಯೆಯಿಂದ. ಸದಸ್ಯರ ಪಟ್ಟಿಯಲ್ಲಿರುವ ಚಾವಿಗಳಲ್ಲಿ ಒಂದು ನನ್ನ ಹತ್ತಿರ ಇದೆ ಎಂದು ಸಾಬೀತು ಮಾಡುತ್ತೀರಿ, ಯಾವುದು ಎಂದು ಹೇಳುವುದಿಲ್ಲ. ಎರಡು ಸಲ ಮತ ಹಾಕದಂತೆ ತಡೆಯಲು ನಲಿಫೈಯರ್ ಎಂಬ ಒಂದು ಗುರುತು ಬೀಳುತ್ತದೆ. ನಾನು ಅದಕ್ಕೆ ಬೆರಳಿನ ಶಾಯಿ ಎನ್ನುತ್ತೇನೆ. 1962ರ ಚುನಾವಣೆಯಿಂದ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಕಾರ್ಖಾನೆಯಿಂದ ಬರುತ್ತಿರುವ ಆ ಶಾಯಿ ಮತ ಹಾಕಿದ್ದೀರಿ ಎಂದಷ್ಟೇ ಹೇಳುತ್ತದೆ, ಯಾರಿಗೆ ಎಂದು ಹೇಳುವುದಿಲ್ಲ. ನಲಿಫೈಯರ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಯಾರ ಬೆರಳು ಎಂದೂ ಹೇಳುವುದಿಲ್ಲ. ಎಥೀರಿಯಂ ಮೇಲೆ ಸೆಮಾಫೋರ್ ಎಂಬ ಸಾಧನ ಈ ಕೆಲಸ ಮಾಡುತ್ತದೆ.

ಆದರೆ ಪಟ್ಟಿಯೇ ತಪ್ಪಾಗಿದ್ದರೆ? ಸತ್ತವರ ಹೆಸರು ಇದ್ದರೆ, ಬದುಕಿದ್ದವರ ಹೆಸರು ಬಿಟ್ಟುಹೋಗಿದ್ದರೆ? ಅದನ್ನು ಯಾವ ಕ್ರಿಪ್ಟೋಗ್ರಫಿಯೂ, ಅಂದರೆ ಗುಟ್ಟು ಕಾಯುವ ಯಾವ ಗಣಿತವೂ, ಸರಿ ಮಾಡುವುದಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿ ತಕರಾರು ಕೇಳುವ ಹಳೆಯ ಕೆಲಸ ಹಾಗೇ ಉಳಿಯುತ್ತದೆ.

ಮತಗಳನ್ನು ಕಲಸುವುದು ಎನ್ನುತ್ತಾರಲ್ಲ, ಅದೇನು?

ಮಿಕ್ಸ್‌ನೆಟ್. 1981ರಲ್ಲಿ ಡೇವಿಡ್ ಚೌಮ್ ಕೊಟ್ಟ ಯೋಚನೆ. ಲಕೋಟೆಗಳ ಕಟ್ಟು ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುತ್ತದೆ. ಪ್ರತಿಯೊಬ್ಬರೂ ಕಲಸಿ, ಹೊರಗಿನ ಕವರ್ ಬದಲಿಸಿ ಮುಂದೆ ಕೊಡುತ್ತಾರೆ. ಒಬ್ಬರು ಪ್ರಾಮಾಣಿಕರಾಗಿ ಕಲಸಿದರೂ ಸಾಕು, ಜಾಡು ತಪ್ಪುತ್ತದೆ. ಕಲಸುವಾಗ ಲಕೋಟೆ ಕದ್ದಿಲ್ಲ, ಸೇರಿಸಿಲ್ಲ ಎಂಬುದಕ್ಕೂ ಸಾಬೀತು ಕೊಡಬೇಕು.

ನಮ್ಮ ದೇಶದಲ್ಲೇ ಇದಕ್ಕೆ ಹತ್ತಿರದ ಮಾತೊಂದು ವರ್ಷಗಳಿಂದ ನಿಂತಿದೆ. ಈಗ ವಿದ್ಯುನ್ಮಾನ ಯಂತ್ರಗಳನ್ನು ಮತಗಟ್ಟೆವಾರು ಎಣಿಸುತ್ತಾರೆ. ಈ ಹಳ್ಳಿ ಯಾರಿಗೆ ಎಷ್ಟು ಕೊಟ್ಟಿತು ಎಂದು ಎಲ್ಲರಿಗೂ ತಿಳಿಯುತ್ತದೆ. ಗೆದ್ದವರು ಮತ ಹಾಕದ ಊರಿನ ರಸ್ತೆಯನ್ನು ಮರೆಯಬಹುದು. ಕಾಗದದ ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿ ಕಲಸಿ ಎಣಿಸಲು ನಿಯಮ ಇತ್ತು. ಅದೇ ಕೆಲಸಕ್ಕೆ 14 ಯಂತ್ರಗಳ ಮತ ಒಟ್ಟಿಗೆ ಕೂಡಿಸುವ ಟೋಟಲೈಸರ್ ತರೋಣ ಎಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಒಪ್ಪಿತು. ಇನ್ನೂ ಜಾರಿಗೆ ಬಂದಿಲ್ಲ. ಬ್ಲಾಕ್‌ಚೈನ್ ಮಾತು ಹಾಗಿರಲಿ, ಇದೊಂದು ಬಂದರೂ ಎಷ್ಟೋ ಸಣ್ಣ ಹಳ್ಳಿಗಳಿಗೆ ಉಪಕಾರ ಆಗುತ್ತದೆ ಎಂದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯ ಮೊತ್ತ ತೆರೆಯುವ ಚಾವಿ ಯಾರ ಕೈಯಲ್ಲಿರಬೇಕು?

ಒಬ್ಬರ ಕೈಯಲ್ಲಿ ಖಂಡಿತ ಬೇಡ. ಎಲ್ಲರೂ ಇದ್ದೇ ತೀರಬೇಕು ಎಂಬ ನಿಯಮವೂ ಬೇಡ. 2025ರಲ್ಲಿ ಅಂತರರಾಷ್ಟ್ರೀಯ ಕ್ರಿಪ್ಟೋಗ್ರಫಿ ಸಂಶೋಧಕರ ಸಂಘದ ಚುನಾವಣೆಯಲ್ಲಿ ಏನಾಯಿತು ಗೊತ್ತೇ? ಅವರು ಹೀಲಿಯೋಸ್ ಎಂಬ ವ್ಯವಸ್ಥೆ ಬಳಸುತ್ತಾರೆ. ಚಾವಿ ಮೂವರ ಕೈಯಲ್ಲಿ ಹಂಚಿತ್ತು, ತೆರೆಯಲು ಮೂವರೂ ಬೇಕಿತ್ತು. ಒಬ್ಬರ ಚಾವಿ ಕಳೆದುಹೋಯಿತು. ಫಲಿತಾಂಶ ತೆರೆಯಲು ಆಗಲೇ ಇಲ್ಲ. ಹೊಸದಾಗಿ ಚುನಾವಣೆ ಮಾಡಬೇಕಾಯಿತು. ಜಗತ್ತಿನಲ್ಲಿ ಈ ವಿದ್ಯೆ ಎಲ್ಲರಿಗಿಂತ ಚೆನ್ನಾಗಿ ಬಲ್ಲವರಿಗೇ ಹೀಗಾಯಿತು.

1979ರಲ್ಲಿ ಆದಿ ಶಮೀರ್ ತೋರಿಸಿದ ದಾರಿ ಹಿಡಿಯಿರಿ. ಚಾವಿಯನ್ನು ಐದು ಪಾಲು ಮಾಡಿ, ಯಾವ ಮೂರು ಸೇರಿದರೂ ತೆರೆಯುವಂತೆ ಇಡಬಹುದು. ಇಬ್ಬರು ಸೇರಿದರೆ ಏನೂ ಸಿಗುವುದಿಲ್ಲ. ಇಬ್ಬರು ಊರಲ್ಲಿ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ನನ್ನ ಮತ ಸರಿಯಾಗಿ ಬಿತ್ತೋ ಇಲ್ಲವೋ ನನಗೆ ತಿಳಿಯಬೇಕು. ರಸೀದಿ ಕೊಡಬಹುದಲ್ಲ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ನಿಮ್ಮ ಮನಸ್ಸಿಗೆ ಖಾತ್ರಿ ಆಗಬೇಕು, ಆದರೆ ಆ ಖಾತ್ರಿಯನ್ನು ಇನ್ನೊಬ್ಬರ ಮುಂದೆ ಹಿಡಿಯಲು ನಿಮಗೆ ಆಗಬಾರದು. ನಿಮಗೆ ಇಷ್ಟವಿದ್ದರೂ ಆಗಬಾರದು. ಯಾಕೆಂದರೆ ಇಷ್ಟವಿದ್ದವರು ತೋರಿಸಲು ಶುರು ಮಾಡಿದರೆ, ತೋರಿಸದವರು ಯಾರು ಎಂದು ಕೇಳುವ ದಿನ ಬರುತ್ತದೆ. ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಂಡು ಪೆಟ್ಟಿಗೆಗೆ ಬೀಳುವುದು ನೋಡಿದ್ದೀರಿ. ಮನೆಗೆ ಒಯ್ಯಲು ಕೊಡುವುದಿಲ್ಲ.

ಕಂಪ್ಯೂಟರ್‌ನಲ್ಲಿ ಇದಕ್ಕೆ ಎರಡು ಜಾಣ ಉಪಾಯಗಳಿವೆ. ಮೊದಲನೆಯದು ಜಾಶ್ ಬೆನಾಲೋ ಅವರದು. ಯಂತ್ರ ನಿಮ್ಮ ಮತಕ್ಕೆ ಬೀಗ ಹಾಕುತ್ತದೆ. ಆಗ ನೀವು ಎರಡರಲ್ಲಿ ಒಂದು ಹೇಳಬಹುದು: ಇದನ್ನು ಪೆಟ್ಟಿಗೆಗೆ ಹಾಕು, ಇಲ್ಲವೇ ಇದನ್ನು ಒಡೆದು ತೋರಿಸು. ಒಡೆದದ್ದು ಎಣಿಕೆಗೆ ಹೋಗುವುದಿಲ್ಲ, ಮತ್ತೆ ಹೊಸದಾಗಿ ಹಾಕಬೇಕು. ಮೆಣಸಿನಕಾಯಿ ಚೀಲ ಕೊಳ್ಳುವಾಗ ಯಾವುದೋ ಒಂದನ್ನು ತಳದವರೆಗೆ ಸುರಿದು ನೋಡುತ್ತಾರಲ್ಲ, ಹಾಗೆ. ಯಾವ ಚೀಲ ಸುರಿಯುತ್ತೀರಿ ಎಂದು ಮಾರುವವನಿಗೆ ಮೊದಲೇ ಗೊತ್ತಿಲ್ಲ. ಹಾಗಾಗಿ ಎಲ್ಲದರಲ್ಲೂ ಒಳ್ಳೆಯದನ್ನೇ ತುಂಬಬೇಕಾಗುತ್ತದೆ.

ಎರಡನೆಯದು ಮನಸ್ಸು ಬದಲಿಸುವ ಹಕ್ಕು. ಎಸ್ಟೋನಿಯಾ ದೇಶ 2005ರಿಂದ ಇಂಟರ್ನೆಟ್ ಮೂಲಕ ಮತ ಹಾಕಲು ಬಿಟ್ಟಿದೆ. ಅದು ಬ್ಲಾಕ್‌ಚೈನ್ ಮತದಾನವಲ್ಲ. ಅಲ್ಲಿ ಎಷ್ಟು ಸಲ ಬೇಕಾದರೂ ಮತ್ತೆ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಹೆದರಿಸಿದವನ ಎದುರು ಒಂದು ಹಾಕಿ, ಅವನು ಹೋದ ಮೇಲೆ ಇನ್ನೊಂದು ಹಾಕಬಹುದು. ಎಥೀರಿಯಂ ಕಟ್ಟಿದವರಲ್ಲಿ ಒಬ್ಬರಾದ ವಿಟಾಲಿಕ್ ಬ್ಯುಟೆರಿನ್ 2019ರಲ್ಲಿ ಇದೇ ದಾರಿಯ ಒಂದು ವಿನ್ಯಾಸ ಬರೆದರು. ಅದರ ಹೆಸರು ಮ್ಯಾಸಿ. ಅಲ್ಲಿ ಮತದ ಜೊತೆ ಚಾವಿಯನ್ನೇ ಗುಟ್ಟಾಗಿ ಬದಲಿಸಬಹುದು. ಹಳೆಯ ಚಾವಿಯಿಂದ ಹಾಕಿದ ಮತ ಸದ್ದಿಲ್ಲದೆ ಅನೂರ್ಜಿತ. ದುಡ್ಡು ಕೊಟ್ಟವನ ಮುಂದೆಯೇ ಮತ ಹಾಕಿ ತೋರಿಸಿ, ಅವನಿಗೆ ಅದು ಜೀವಂತ ಮತವೋ ಸತ್ತ ಮತವೋ ಗೊತ್ತಾಗುವುದಿಲ್ಲ. ಹಾಗಾದ ಮೇಲೆ ದುಡ್ಡು ಯಾಕೆ ಕೊಡುತ್ತಾನೆ?

ಮ್ಯಾಸಿಯಲ್ಲಿ ಒಂದು ಕೊರತೆ ಇದೆ, ಹೇಳಲೇಬೇಕು. ಎಲ್ಲ ಲಕೋಟೆ ತೆರೆದು ಎಣಿಸುವ ಒಬ್ಬ ಸಂಯೋಜಕ ಇರುತ್ತಾನೆ. ಅವನು ಎಣಿಕೆಯಲ್ಲಿ ಸುಳ್ಳು ಹೇಳಲು ಆಗುವುದಿಲ್ಲ, ಝೀರೋ ನಾಲೆಜ್ ಸಾಬೀತು ಅವನ ಕೈ ಕಟ್ಟಿರುತ್ತದೆ. ಆದರೆ ಮತಗಳು ಅವನ ಕಣ್ಣಿಗೆ ಕಾಣುತ್ತವೆ. ಅವನೇ ಖರೀದಿದಾರನ ಜೊತೆ ಸೇರಿದರೆ ಗುಟ್ಟು ಉಳಿಯುವುದಿಲ್ಲ.

ಇಂಥ ವ್ಯವಸ್ಥೆಗಳು ಎಲ್ಲಾದರೂ ಮುರಿದು ಬಿದ್ದಿವೆಯೇ?

ಬಿದ್ದಿವೆ. 2019ರಲ್ಲಿ ಮಾಸ್ಕೋ ನಗರ ಚುನಾವಣೆಗೆ ತಯಾರಿಸಿದ ಬ್ಲಾಕ್‌ಚೈನ್ ವ್ಯವಸ್ಥೆಯ ಬೀಗವನ್ನು ಫ್ರಾನ್ಸ್‌ನ ಪಿಯೆರಿಕ್ ಗೋದ್ರಿ ಒಂದು ಸಾಮಾನ್ಯ ಕಂಪ್ಯೂಟರ್‌ನಲ್ಲಿ ಸುಮಾರು 20 ನಿಮಿಷದಲ್ಲಿ ಒಡೆದರು. ಚಾವಿಯ ಉದ್ದ 256 ಬಿಟ್‌ಗಿಂತ ಕಡಿಮೆ ಇತ್ತು, ಆ ಬಗೆಯ ಬೀಗಕ್ಕೆ ಅದು ಏನೇನೂ ಸಾಲದು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಅಂಚೆ ಸಂಸ್ಥೆ ಸ್ವಿಸ್ ಪೋಸ್ಟ್‌ನ ವ್ಯವಸ್ಥೆಯಲ್ಲಿ ಕಲಸುವ ಹಂತದ ಸಾಬೀತೇ ಪೊಳ್ಳಾಗಿತ್ತು ಎಂದು ಸಂಶೋಧಕರು ತೋರಿಸಿದರು. ಮತ ಬದಲಿಸಿಯೂ ಎಲ್ಲ ಸರಿ ಇದೆ ಎಂಬ ಸಾಬೀತು ಬರೆಯಬಹುದಿತ್ತು. ಈ ಎರಡೂ ಕಡೆ ತಪ್ಪು ಸಿಕ್ಕಿದ್ದು ಕೋಡ್ ಹೊರಗಿಟ್ಟು ನೋಡಲು ಬಿಟ್ಟದ್ದರಿಂದ. ಬಳಕೆಗೆ ಬರುವ ಮೊದಲೇ ಸಿಕ್ಕಿತು. ನಮ್ಮ ಕೋಡ್ ಗುಟ್ಟು, ನಂಬಿ ಎಂದು ಯಾರಾದರೂ ಬಂದರೆ ಎದ್ದು ಬನ್ನಿ.

ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ, ವಿಧಾನಸಭೆಗೆ ಇದು ಬರಬೇಕೇ?

ಬೇಡ. ಈಗಂತೂ ಬೇಡ.

ತೆಲಂಗಾಣದ ಖಮ್ಮಂನಲ್ಲಿ 2021ರ ಅಕ್ಟೋಬರ್‌ನಲ್ಲಿ ಮೊಬೈಲ್ ಮತದಾನದ ಅಣಕು ಪ್ರಯೋಗ ಆಯಿತು, ಬ್ಲಾಕ್‌ಚೈನ್ ಅದರಲ್ಲಿತ್ತು. ಪ್ರಯೋಗ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಫೋನ್ ಒಳಗೆ ವೈರಸ್ ಇದ್ದರೆ ಬೀಗ ಹಾಕುವ ಮೊದಲೇ ಮತ ಬದಲಾಗಿರುತ್ತದೆ. ಎಷ್ಟೋ ಮನೆಗಳಲ್ಲಿ ಫೋನ್ ಒಂದೇ, ಅದೂ ಗಂಡನ ಕೈಯಲ್ಲಿ ಇಲ್ಲವೇ ಮಗನ ಕೈಯಲ್ಲಿ. ಅವ್ವ ಒಬ್ಬಳೇ ಒಂದು ನಿಮಿಷ ಯಾರೂ ನೋಡದಂತೆ ನಿಲ್ಲುವ ಜಾಗ ಮತಗಟ್ಟೆಯ ಆ ರಟ್ಟಿನ ಮರೆ ಮಾತ್ರ. ಅದನ್ನು ಕಿತ್ತುಕೊಂಡು ಆ್ಯಪ್ ಕೊಡುವುದು ಅವಳಿಗೆ ಅನ್ಯಾಯ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2018ರಲ್ಲಿ, ಎಂಐಟಿಯ ರಾನ್ ರಿವೆಸ್ಟ್ ಮತ್ತು ಸಂಗಡಿಗರು 2020ರಲ್ಲಿ ಇದನ್ನೇ ಹೇಳಿದರು: ಸಾರ್ವಜನಿಕ ಚುನಾವಣೆಯ ಮೂಲ ತೊಂದರೆಗಳನ್ನು ಬ್ಲಾಕ್‌ಚೈನ್ ಬಗೆಹರಿಸುವುದಿಲ್ಲ.

ದುಡ್ಡಿದ್ದವರಿಗೆ ಜಾಸ್ತಿ ಮತ ಸಿಗುತ್ತದಂತೆ, ನಿಜವೇ?

ಬ್ಲಾಕ್‌ಚೈನ್ ಸಂಘಗಳಲ್ಲಿ ಸಾಮಾನ್ಯವಾಗಿ ಹಾಗೇ. ದುಡ್ಡು ಕೊಟ್ಟು ಕೊಳ್ಳುವ ಡಿಜಿಟಲ್ ನಾಣ್ಯಕ್ಕೆ ಅಲ್ಲಿ ಟೋಕನ್ ಎನ್ನುತ್ತಾರೆ. ಟೋಕನ್ ಎಷ್ಟೋ ಮತ ಅಷ್ಟು. ಗುಟ್ಟು ಕಾಯುವ ವಿದ್ಯೆ ಇದನ್ನು ಸರಿ ಮಾಡುವುದಿಲ್ಲ. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಆ ನೆಲದಲ್ಲಿ ಬೆಳೆದವರು ನಾವು. ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ ಎಂಬ ಸಹಕಾರದ ತತ್ವವನ್ನು ಟೋಕನ್ ಆಸೆಗೆ ಬಿಟ್ಟುಕೊಡಬಾರದು.

ನಮ್ಮದು ಸಣ್ಣ ಗುಂಪು, 12 ಜನ. ಗುಟ್ಟು ಉಳಿಯುತ್ತದೆಯೇ?

ಪೂರ್ತಿ ಉಳಿಯುವುದಿಲ್ಲ. ಫಲಿತಾಂಶ 12ಕ್ಕೆ 12 ಬಂದರೆ ಎಲ್ಲರ ಮತವೂ ಗೊತ್ತಾದಂತೆಯೇ. ಹೌದು 11, ಬೇಡ 1 ಬಂದರೆ ಆ ಒಬ್ಬರು ಯಾರು ಎಂದು ಸಂಜೆಯೊಳಗೆ ಹುಡುಕುತ್ತಾರೆ. ಸಣ್ಣ ಗುಂಪಿನಲ್ಲಿ ಸಂಖ್ಯೆ ಹೇಳದೆ ಪಾಸಾಯಿತು, ಇಲ್ಲ ಎಂದಷ್ಟೇ ಹೇಳುವ ವಿಧಾನ ಉತ್ತಮ. ಅದನ್ನೂ ಕ್ರಿಪ್ಟೋಗ್ರಫಿಯಿಂದ ಮಾಡಬಹುದು.

ಈಗ ಹಾಕಿದ ಬೀಗ 30 ವರ್ಷದ ಮೇಲೂ ಗಟ್ಟಿ ಇರುತ್ತದೆಯೇ?

ಹೇಳಲು ಬರುವುದಿಲ್ಲ, ಅದೇ ನನ್ನ ದೊಡ್ಡ ಅಳುಕು. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಇಂದಿನ ಹಲವು ಬೀಗ ಒಡೆಯಬಹುದು ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. ಕಾಗದದ ಚೀಟಿಯನ್ನು ಸುಟ್ಟು ಹಾಕಬಹುದು. ಬ್ಲಾಕ್‌ಚೈನ್‌ನಲ್ಲಿ ಬೀಗ ಹಾಕಿದ ಮತ ಶಾಶ್ವತವಾಗಿ ಕೂತಿರುತ್ತದೆ, ಒಡೆಯುವವನಿಗಾಗಿ ಕಾಯುತ್ತ. ಹಾಗಾಗಿ ನನ್ನ ಸಲಹೆ: ಬೀಗ ಹಾಕಿದ ಮತಗಳನ್ನೇ ಬ್ಲಾಕ್‌ಚೈನ್ ಮೇಲೆ ಇಡಬೇಡಿ. ಅವುಗಳ ಹ್ಯಾಶ್ ಗುರುತನ್ನು, ಅಂದರೆ ಅವುಗಳಿಂದ ಲೆಕ್ಕ ಹಾಕಿ ತೆಗೆದ ಚಿಕ್ಕ ಗುರುತಿನ ಸಂಖ್ಯೆಯನ್ನು ಮಾತ್ರ ಇಡಿ, ಮತಗಳನ್ನು ಬೇರೆ ಕಡೆ ಇಟ್ಟು ತಕರಾರಿನ ಅವಧಿ ಮುಗಿದ ಮೇಲೆ ಅಳಿಸಿ.

ನಮ್ಮ ಸಂಘದಲ್ಲಿ ಶುರು ಮಾಡುವುದಾದರೆ?

ಸಹಕಾರ ಸಂಘದ ಆಡಳಿತ ಮಂಡಳಿ ಚುನಾವಣೆ ನಡೆಸುವುದು ರಾಜ್ಯದ ಸಹಕಾರ ಚುನಾವಣಾ ಪ್ರಾಧಿಕಾರ. ಅದರ ಕಡೆ ಕೈ ಹಾಕಬೇಡಿ. ಹಳೆಯ ವಿದ್ಯಾರ್ಥಿಗಳ ಸಂಘ, ಬಡಾವಣೆಯ ಸಂಘ, ಕಾಲೇಜಿನ ಕ್ಲಬ್ ಇಂಥ ಕಡೆ ಮೊದಲು ಮಾಡಿ. ಹೀಲಿಯೋಸ್ ಬಳಸಿ ನೋಡಿ. ಅದರಲ್ಲಿ ಬ್ಲಾಕ್‌ಚೈನ್ ಇಲ್ಲ, ಬೀಗ ಹಾಕಿದ ಎಣಿಕೆ ಇದೆ, ಸಾಬೀತು ಇದೆ. ಹೆದರಿಸುವ ಭಯ ಇರುವ ಕಡೆಗೆ ಅದು ತಕ್ಕದ್ದಲ್ಲ ಎಂದು ಅದನ್ನು ಕಟ್ಟಿದವರೇ ಹೇಳಿದ್ದಾರೆ. ಚಾವಿಯ ಪಾಲನ್ನು ಬೇರೆ ಬೇರೆ ಮನೆಯವರಿಗೆ ಕೊಡಿ. ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇಟ್ಟು ಅದರ ಸುತ್ತ ಪರದೆ ಕಟ್ಟಿ. ಫೋನ್‌ನಿಂದ ಹಾಕಿದ ಮತವನ್ನು ಅಲ್ಲಿ ಬಂದು ಬದಲಿಸಲು ಬಿಡಿ.

"ತಮ್ಮಾ, ಚೀಟಿ, ಪೆಟ್ಟಿಗಿ ಇದ್ರ ಸಾಕಾಗೂದಿಲ್ಲೇನು? ಇಷ್ಟೆಲ್ಲಾ ಯಾಕ?"

ಅಣ್ಣಿಗೇರಿಯಿಂದ ಬರುವ ಒಬ್ಬ ಅಜ್ಜ ಪ್ರತಿ ಸಲ ಕೇಳುತ್ತಾರೆ. ಎಲ್ಲರೂ ಒಂದೇ ಕೋಣೆಗೆ ಬರುವುದಾದರೆ ಚೀಟಿ, ಪೆಟ್ಟಿಗೆ ಸಾಕು ಅಜ್ಜಾರ. ಅದಕ್ಕಿಂತ ಚೆನ್ನಾದದ್ದು ಬೇರೆ ಇಲ್ಲ. ಆದರೆ ಗದಗ, ಹಾವೇರಿ ಕಡೆಯ ಎಷ್ಟು ಜನ ದುಡಿಯಲು ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗಿದ್ದಾರೆ! ಊರಿನ ಸಂಘದ ಸಭೆಗೆ ಅವರು ಬರಲಾರರು. ಒಂದು ದಿನದ ಪಗಾರ, ಬಸ್ಸಿನ ಖರ್ಚು ಎರಡೂ ಹೋಗುತ್ತದೆ. ಅವರ ಬದಲು ಊರಲ್ಲಿರುವ ಯಾರೋ ಕೈ ಎತ್ತುತ್ತಾರೆ. ನಾನು ಇದನ್ನು ಕಲಿಯಲು ಶುರು ಮಾಡಿದ್ದೇ ಅವರಿಗಾಗಿ. ಅಜ್ಜನ ಮಗ ಮಡಗಾಂವ್‌ನಲ್ಲಿ ಗಾರೆ ಕೆಲಸ ಮಾಡುತ್ತಾನೆ. ಹೋದ ತಿಂಗಳು ಆ ತುಂಡು ಮಾಡುವ ಆಟವನ್ನು ನಾವು ಅವನ ಜೊತೆ ಫೋನ್‌ನಲ್ಲೇ ಆಡಿದೆವು. ಮೂವರು ಎಣಿಕೆದಾರರಿಗೆ ಅವನು ಮೂರು ಸಂಖ್ಯೆ ಹೇಳಿದ. ಅಜ್ಜ ಮೊತ್ತ ಬರೆದರು, ಎರಡು ಸಲ ಕೂಡಿ ನೋಡಿದರು. ಮಗ ಏನು ಹಾಕಿದ ಎಂದು ಅವರಿಗೆ ಇನ್ನೂ ಗೊತ್ತಿಲ್ಲ.